ಕಿರೀಟವೂ ತೊಟ್ಟಿಲೂ

ಮದುವೆಯ ಕಾಲವು ಬಂದಿತೆಂದರೆ ನಮ್ಮ ಊರುಗಳಲ್ಲಿ ಒಂದು ವಿಚಿತ್ರವಾದ ಪರೀಕ್ಷೆಯು ಮನೆಮನೆಯಲ್ಲಿಯೂ ನಡೆಯುತ್ತದೆ. ನಡುಮನೆಯಲ್ಲಿ ಜಮಖಾನೆಯನ್ನು ಹಾಸಿರುತ್ತಾರೆ. ಬಂದ ಹಿರಿಯರು ಸಾಲಾಗಿ ಕುಳಿತಿರುತ್ತಾರೆ. ಕನ್ಯೆಯು ತಟ್ಟೆಯಲ್ಲಿ ಉಪ್ಪಿಟ್ಟನ್ನೋ ಕಾಫಿಯನ್ನೋ ತಂದಿಟ್ಟು, ತಲೆ ತಗ್ಗಿಸಿ ಎದುರಿಗೆ ಕುಳಿತುಕೊಳ್ಳುತ್ತಾಳೆ. ಬಣ್ಣವೆಂತಹುದು, ಎತ್ತರವೆಷ್ಟು, ಜಡೆಯು ಸ್ವಂತದ್ದೇ, ನಡಿಗೆಯಲ್ಲಿ ದೋಷವಿಲ್ಲವಷ್ಟೆ, ಇವೆಲ್ಲವನ್ನೂ ಕಣ್ಣಿನಿಂದಲೇ ಅಳೆಯುತ್ತಾರೆ. ಹಾಡಲು ಬರುತ್ತದೆಯೇ ಎಂದು ಯಾರಾದರೊಬ್ಬರು ಕೇಳುತ್ತಾರೆ. ಪರೀಕ್ಷೆಯ ಫಲವು ಹಿಂದೆ ಕಾಗದದಲ್ಲಿ ಬರುತ್ತಿದ್ದಿತು. ಈಗ ದೂರವಾಣಿಯಲ್ಲಿ ಬರುತ್ತದೆ. ವ್ಯತ್ಯಾಸವು ಇಷ್ಟೇ. ಇದಕ್ಕೆ ನಾವು ಸೌಂದರ್ಯಸ್ಪರ್ಧೆಯೆಂದು ಹೆಸರಿಟ್ಟಿಲ್ಲ; ಹೆಣ್ಣು ನೋಡುವ ಶಾಸ್ತ್ರವೆಂದು ಕರೆದು, ನಿಶ್ಚಿಂತರಾಗಿ ಎದ್ದು ಬಂದಿದ್ದೇವೆ.

ಇಂತಹ ಪರೀಕ್ಷೆಯಲ್ಲಿ ಗೆದ್ದು, ಶಿಕಾರಿಪುರಕ್ಕೂ ಸೊರಬಕ್ಕೂ ನಡುವೆ ಇರುವ ಶಿರಾಳಕೊಪ್ಪದ ಒಂದು ಮನೆಗೆ ಸೊಸೆಯಾಗಿ ಬಂದ ತರುಣಿಯೊಬ್ಬಳನ್ನು ವಾಚಕರು ಕ್ಷಣಕಾಲ ಭಾವಿಸಿಕೊಳ್ಳಬೇಕು. ಆಕೆಗೆ ಹೆಸರಿಡಬೇಕಾದುದಿಲ್ಲ, ಅಂತಹವರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಓದುತ್ತಿದ್ದ ಕಾಲದಲ್ಲಿ ಆಕೆಯು ಕಾಲೇಜಿನ ವಾರ್ಷಿಕೋತ್ಸವದ ವೇದಿಕೆಯ ಮೇಲೆ ನಡೆದು, ಹೆಗಲಿನಿಂದ ಅಡ್ಡಲಾಗಿ ಬಿದ್ದ ರೇಷ್ಮೆಯ ಪಟ್ಟಿಯನ್ನೂ ತಗಡಿನ ಕಿರೀಟವನ್ನೂ ಪಡೆದವಳಾಗಿರಬಹುದು. ಆ ಭಾವಚಿತ್ರವು ಈಗ ಗಂಡನ ಮನೆಯ ಬೀರುವಿನಲ್ಲಿ, ಸೀರೆಗಳ ಕೆಳಗೆ ಇದೆ. ಮದುವೆಯಾಗಿ ಮೂರು ತಿಂಗಳು ತುಂಬುವಷ್ಟರಲ್ಲಿ ನೆರೆಹೊರೆಯವರು ‘ಏನಾದರೂ ವಿಶೇಷವೇ?’ ಎಂದು ಕೇಳತೊಡಗಿದ್ದಾರೆ. ನಿನ್ನೆಯವರೆಗೆ ಆಕೆಯ ಮುಖವನ್ನು ಅಳೆದ ಕಣ್ಣುಗಳು ಇಂದು ಆಕೆಯ ಉದರವನ್ನು ಅಳೆಯುತ್ತಿವೆ. ತನ್ನ ದೇಹವು ಎಂದಾದರೂ ತನ್ನದಾಗಿದ್ದಿತೇ ಎಂದು ಆಕೆಯು ಯೋಚಿಸಿದರೆ ಅದರಲ್ಲಿ ಆಶ್ಚರ್ಯವೇನು?

ಈ ಎರಡು ಅಳತೆಗಳಿಗೆ ಇರುವ ಸಂಬಂಧವನ್ನು ತಿಳಿಯಬೇಕಾದರೆ, ದೊಡ್ಡ ಸ್ಪರ್ಧೆಗಳ ಚರಿತ್ರೆಯನ್ನು ಸ್ವಲ್ಪ ನೋಡಬೇಕಾಗುತ್ತದೆ. ಅಮೆರಿಕೆಯ ಅಟ್ಲಾಂಟಿಕ್ ಸಿಟಿಯಲ್ಲಿ ೧೯೨೧ರಲ್ಲಿ ಸುಂದರಿಯರ ಪಂದ್ಯವನ್ನು ಏರ್ಪಡಿಸಿದವರು ಕಡಲತೀರದ ವರ್ತಕರು; ಬೇಸಗೆಯು ಮುಗಿದ ಮೇಲೂ ಪ್ರವಾಸಿಗಳು ಊರಿನಲ್ಲಿ ಉಳಿಯಬೇಕೆಂಬುದೇ ಅವರ ಉದ್ದೇಶ. ವಿಶ್ವಸುಂದರಿಯ ಪಂದ್ಯವು ೧೯೫೧ರಲ್ಲಿ ಲಂಡನ್ನಿನ ಒಂದು ಉತ್ಸವದ ನಿಮಿತ್ತವಾಗಿ ಹುಟ್ಟಿತು. ಭುವನಸುಂದರಿಯ ಪಂದ್ಯದ ಜನನವಂತೂ ಇನ್ನೂ ವಿನೋದಕರವಾದುದು. ಅಮೆರಿಕೆಯಲ್ಲಿ ಗೆದ್ದ ತರುಣಿಯೊಬ್ಬಳು ಈಜುಡುಪನ್ನು ತೊಟ್ಟು ಊರೂರು ತಿರುಗಲಾರೆನೆಂದು ನಿರಾಕರಿಸಿದಳು. ಈಜುಡುಪಿನ ಕಾರಖಾನೆಯವರು ಕೋಪಗೊಂಡು ೧೯೫೨ರಲ್ಲಿ ತಮ್ಮದೇ ಆದ ಪಂದ್ಯವನ್ನು ಹೂಡಿದರು. ವ್ಯಾಪಾರವು ಬೀಜವಾದ ಮೇಲೆ ಫಲವೂ ವ್ಯಾಪಾರದ್ದೇ ಆಗತಕ್ಕದ್ದು. ಸರಕು ಹೊಸದಾಗಿರಬೇಕೆಂಬುದು ಅಂಗಡಿಯ ಧರ್ಮ. ಆದುದರಿಂದ ಸ್ಪರ್ಧಿಯು ಅವಿವಾಹಿತೆಯಾಗಿರಬೇಕು, ತಾಯಿಯಾಗಿರಕೂಡದು ಎಂಬ ಕಟ್ಟುಪಾಡುಗಳು ಬೆಳೆದುವು.

ಆದರೆ ನಮ್ಮ ದೇಶದಲ್ಲಿ ಆರಂಭವು ಹಾಗಿರಲಿಲ್ಲವೆಂಬುದು ಗಮನಾರ್ಹವಾದ ಸಂಗತಿ. ೧೯೪೭ರಲ್ಲಿ ಪ್ರಥಮ ಭಾರತಸುಂದರಿಯೆಂದು ಆಯ್ಕೆಯಾದ ಪ್ರಮೀಳಾ, ಎಂದರೆ ಎಸ್ತರ್ ವಿಕ್ಟೋರಿಯಾ ಅಬ್ರಹಾಂ, ಚಿತ್ರನಟಿಯೂ ಗೃಹಿಣಿಯೂ ಆಗಿದ್ದರು. ಅವರ ಮಗಳು ನಕೀ ಜಹಾನ್ ೧೯೬೭ರಲ್ಲಿ ಅಂತಹುದೇ ಬಿರುದನ್ನು ಪಡೆದರು. ೧೯೫೨ರಲ್ಲಿ ಗೆದ್ದು, ಮೊದಲನೆಯ ಭುವನಸುಂದರಿ ಪಂದ್ಯಕ್ಕೆ ಭಾರತದಿಂದ ಹೋದ ಇಂದ್ರಾಣಿ ರೆಹಮಾನರು ಹದಿನೈದನೆಯ ವಯಸ್ಸಿನಲ್ಲಿಯೇ ವಿವಾಹವಾದವರು. ಆ ವೇಳೆಗೆ ಒಂದು ಮಗುವಿನ ತಾಯಿ. ಮುಂದೆ ಅವರು ಭರತನಾಟ್ಯ, ಕೂಚಿಪೂಡಿ, ಒಡಿಸ್ಸಿಗಳನ್ನು ದೇಶವಿದೇಶಗಳಲ್ಲಿ ಪ್ರದರ್ಶಿಸಿ ಕೀರ್ತಿಯನ್ನು ಗಳಿಸಿದರು. ಇಂದು ಅವರ ಹೆಸರು ಉಳಿದಿರುವುದು ನೃತ್ಯದಿಂದಲೇ ಹೊರತು ಕಿರೀಟದಿಂದಲ್ಲ. ಮದುವೆಯೂ ಮಗುವೂ ಅವರ ಚೆಲುವಿಗೆ ಕುಂದು ತರಲಿಲ್ಲ, ಕಲೆಗೂ ತರಲಿಲ್ಲ.

ಹೊರಗಿನ ಲೋಕದಲ್ಲಿ ಬಾಗಿಲು ಬಲವಾಗಿ ಮುಚ್ಚಿದ್ದಿತು. ೧೯೫೭ರಲ್ಲಿ ಅಮೆರಿಕೆಯ ಸುಂದರಿಯಾಗಿ ಆಯ್ಕೆಯಾದ ಲಿಯೋನಾ ಗೇಜ್ ವಿವಾಹಿತೆ, ಎರಡು ಮಕ್ಕಳ ತಾಯಿ ಎಂಬುದು ಬಯಲಾದೊಡನೆ ಕಿರೀಟವನ್ನು ಕಿತ್ತುಕೊಂಡರು. ೧೯೭೪ರಲ್ಲಿ ವಿಶ್ವಸುಂದರಿಯಾದ ಬ್ರಿಟನ್ನಿನ ಹೆಲೆನ್ ಮಾರ್ಗನ್, ತನಗೊಂದು ಕೂಸಿದೆಯೆಂದು ಪತ್ರಿಕೆಗಳು ಬೊಬ್ಬೆಯಿಟ್ಟ ಕಾರಣ, ನಾಲ್ಕೇ ದಿನಗಳಲ್ಲಿ ಪದವಿಯನ್ನು ತ್ಯಜಿಸಿದಳು. ೨೦೧೮ರಲ್ಲಿ ಸಹ ಉಕ್ರೇನಿನ ವೆರೋನಿಕಾ ದಿದುಸೆಂಕೊ ತಾಯಿಯೆಂಬ ಕಾರಣದಿಂದ ಬಿರುದನ್ನು ಕಳೆದುಕೊಂಡು ನ್ಯಾಯಾಲಯದ ಮೆಟ್ಟಿಲನ್ನು ಹತ್ತಬೇಕಾಯಿತು.

ಈ ಚರಿತ್ರೆಯಲ್ಲಿ ೧೯೯೪ನೆಯ ವರ್ಷದ ಪ್ರಸಂಗವೊಂದು ಎಲ್ಲಕ್ಕಿಂತಲೂ ವಿಚಾರಾರ್ಹವಾದುದು. ಮನೀಲಾ ನಗರದಲ್ಲಿ ಭುವನಸುಂದರಿಯ ಕೊನೆಯ ಸುತ್ತು ನಡೆಯುತ್ತಿದ್ದಾಗ ಭಾರತದ ಸುಷ್ಮಿತಾ ಸೇನರಿಗೆ ಸ್ತ್ರೀತ್ವದ ಸಾರವೇನೆಂಬ ಪ್ರಶ್ನೆಯು ಬಂದಿತು. ಶಿಶುವಿನ ಮೂಲವು ತಾಯಿ, ತಾಯಿಯು ಹೆಣ್ಣು, ಪ್ರೀತಿಸುವುದನ್ನೂ ಹಂಚಿಕೊಳ್ಳುವುದನ್ನೂ ಲೋಕಕ್ಕೆ ಕಲಿಸುವವಳು ಆಕೆ ಎಂಬ ಅರ್ಥದ ಉತ್ತರವನ್ನು ಅವರು ಕೊಟ್ಟರು. ಸಭೆಯು ಕರತಾಡನ ಮಾಡಿತು, ಕಿರೀಟವು ಅವರದಾಯಿತು. ಮಾತೃತ್ವವನ್ನು ಹೊಗಳಿದ ಮಾತಿಗೆ ಪ್ರಶಸ್ತಿಯನ್ನಿತ್ತ ಆ ವೇದಿಕೆಯ ಮೇಲೆ ಒಬ್ಬ ತಾಯಿಯೂ ಸ್ಪರ್ಧಿಯಾಗಿ ನಿಲ್ಲುವಂತಿರಲಿಲ್ಲ! ವಿಗ್ರಹವನ್ನು ಪೂಜಿಸಿ ಮನುಷ್ಯಳನ್ನು ಹೊರಗೆ ನಿಲ್ಲಿಸುವ ಈ ರೀತಿಯು ಮನೀಲಾಕ್ಕೆ ಮಾತ್ರ ಸೇರಿದುದೆಂದು ನಾವು ನಗುವಂತಿಲ್ಲ. ತಾಯಿಯನ್ನು ದೇವರೆನ್ನುವ ನಮ್ಮ ಮನೆಗಳಲ್ಲಿ ಬಸುರಿಯು ಎಲ್ಲರಿಗೂ ಬಡಿಸಿ, ಉಳಿದುದನ್ನು ಕೊನೆಯಲ್ಲಿ ಉಣ್ಣುವ ಪದ್ಧತಿಯು ಇನ್ನೂ ಎಷ್ಟೋ ಕಡೆ ಇದೆ.

ಕರ್ನಾಟಕವೂ ಈ ವಿವಾದವನ್ನು ಕಣ್ಣಾರೆ ಕಂಡಿದೆ. ೧೯೯೬ರ ನವೆಂಬರ್ ೨೩ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಸುಂದರಿಯ ಪಂದ್ಯವು ನಡೆಯಿತು. ಅಮಿತಾಭ್ ಬಚ್ಚನ್ನರ ಕಂಪನಿಯು ಅದನ್ನು ಏರ್ಪಡಿಸಿದ್ದಿತು. ಆಗ ಮುಖ್ಯಮಂತ್ರಿಗಳಾಗಿದ್ದವರು ನಮ್ಮ ಶಿವಮೊಗ್ಗ ಸೀಮೆಯ ಜೆ. ಎಚ್. ಪಟೇಲರು. ಪ್ರೊಫೆಸರ್ ನಂಜುಂಡಸ್ವಾಮಿಯವರ ರೈತಸಂಘವೂ ಹಲವು ಮಹಿಳಾ ಸಂಘಗಳೂ ತೀವ್ರವಾಗಿ ವಿರೋಧಿಸಿದುವು. ಮಧುರೆಯಲ್ಲಿ ಒಬ್ಬ ತರುಣನು ಬೆಂಕಿಯಿಟ್ಟುಕೊಂಡು ಪ್ರಾಣವನ್ನೇ ಬಿಟ್ಟನು. ಈಜುಡುಪಿನ ಸುತ್ತನ್ನು ಸೇಶೆಲ್ಸ್ ದ್ವೀಪಗಳಿಗೆ ಸಾಗಿಸಿ, ಬಂದೋಬಸ್ತಿನ ನಡುವೆ ಉಳಿದುದನ್ನು ಮುಗಿಸಿದರು. ಗ್ರೀಸಿನ ಐರೀನ್ ಸ್ಕ್ಲಿವಾ ಗೆದ್ದಳು. ಒಂದು ಪಕ್ಷವು ಸಂಸ್ಕೃತಿಯ ಮಾನವೆಂದಿತು. ಇನ್ನೊಂದು ಪಕ್ಷವು ನಾಡಿನ ಕೀರ್ತಿಯೆಂದಿತು. ಹೆಣ್ಣನ್ನು ಮಾರುಕಟ್ಟೆಯ ಸರಕಾಗಿ ಮಾಡುತ್ತಾರೆಂಬ ಆಕ್ಷೇಪಣೆಯಲ್ಲಿ ಸತ್ಯವಿದ್ದಿತು. ಆದರೆ ಹಾಗೆ ಆಕ್ಷೇಪಿಸಿದ ನಮ್ಮಲ್ಲಿ ಎಷ್ಟು ಮಂದಿ ಗೃಹಸ್ಥರು ಆ ವರ್ಷ ತಮ್ಮ ಮಗನಿಗೆ ಹೆಣ್ಣು ನೋಡಲು ಹೋದಾಗ ಕಣ್ಣನ್ನು ತಗ್ಗಿಸಿಕೊಂಡರು?

ಆ ಕಂಪನಿಯ ಒಡೆಯರ ಮನೆಗೇ ೨೦೦೭ರ ಏಪ್ರಿಲಿನಲ್ಲಿ, ಮಂಗಳೂರಿನಲ್ಲಿ ಹುಟ್ಟಿ ೧೯೯೪ರಲ್ಲಿ ವಿಶ್ವಸುಂದರಿಯಾದ ಐಶ್ವರ್ಯಾ ರೈಯವರು ಸೊಸೆಯಾಗಿ ಬಂದರು. ೨೦೧೧ರ ನವೆಂಬರಿನಲ್ಲಿ ಅವರಿಗೆ ಹೆಣ್ಣುಮಗುವಾಯಿತು. ಅನಂತರ ನಡೆದುದು ನಾಚಿಕೆಗೇಡು. ಹೆತ್ತ ದೇಹವು ಹೆರುವ ಮೊದಲಿನಂತೆ ಕಾಣುವುದಿಲ್ಲವೆಂದು ಪತ್ರಿಕೆಗಳೂ ದೂರದರ್ಶಕ ವಾಹಿನಿಗಳೂ ತಿಂಗಳುಗಟ್ಟಲೆ ಹಂಗಿಸಿದುವು. ೨೦೧೨ರ ಮೇ ತಿಂಗಳಿನಲ್ಲಿ ಅವರು ಕಾನ್ ಚಿತ್ರೋತ್ಸವಕ್ಕೆ, ಇದ್ದ ಮೈಯಿಂದಲೇ, ತಲೆಯೆತ್ತಿ ಹೋಗಿಬಂದರು. ಧನವೂ ಕೀರ್ತಿಯೂ ವೈದ್ಯರೂ ಕೈಯಳತೆಯಲ್ಲಿರುವ ಒಬ್ಬ ಬಾಣಂತಿಯನ್ನೇ ಲೋಕವು ಹೀಗೆ ಕಾಡಬಲ್ಲುದಾದರೆ, ಸಣ್ಣ ಊರಿನ ಸೊಸೆಯ ಪಾಡೇನು? ತಾನು ದಪ್ಪಗಾಗುವೆನೆಂಬ ಹೆದರಿಕೆಯಿಂದ ಬಸುರಿನಲ್ಲಿಯೇ ಅನ್ನವನ್ನು ಕಡಿಮೆ ಮಾಡುವ ತರುಣಿಗೆ ಆ ಹೆದರಿಕೆಯನ್ನು ಕಲಿಸಿದವರು ಯಾರು?

ನಿಯಮಗಳೇನೋ ಈಗ ಸಡಿಲವಾಗಿವೆ. ವಿವಾಹಿತೆಯರೂ ತಾಯಂದಿರೂ ಸ್ಪರ್ಧಿಸಬಹುದೆಂದು ಭುವನಸುಂದರಿಯ ಸಂಸ್ಥೆಯು ೨೦೨೨ರಲ್ಲಿ ಘೋಷಿಸಿತು. ೨೦೨೩ರಲ್ಲಿ ಗ್ವಾಟೆಮಾಲಾ ಮತ್ತು ಕೊಲಂಬಿಯಾ ದೇಶಗಳ ತಾಯಂದಿರು ವೇದಿಕೆಯನ್ನೇರಿದರು. ಕೊಲಂಬಿಯಾದ ಕಮಿಲಾ ಅವೆಲ್ಲಾ ಕೊನೆಯ ಐವರಲ್ಲಿ ಒಬ್ಬಳಾದಳು. ಶ್ರೀಮತಿಯರಿಗಾಗಿಯೇ ೧೯೮೪ರಿಂದ ಬೇರೊಂದು ಜಾಗತಿಕ ಪಂದ್ಯವು ನಡೆಯುತ್ತಿದ್ದು, ನಮ್ಮ ದೇಶದ ವೈದ್ಯೆ ಅದಿತಿ ಗೋವಿತ್ರೀಕರರು ೨೦೦೧ರಲ್ಲಿಯೂ ಸರ್ಗಮ್ ಕೌಶಲರು ೨೦೨೨ರಲ್ಲಿಯೂ ಅದನ್ನು ಗೆದ್ದಿದ್ದಾರೆ. ಇಷ್ಟಾದರೂ ಒಂದು ಸಂದೇಹವು ಉಳಿಯುತ್ತದೆ. ಬಾಗಿಲು ತೆರೆಯಿತು, ಅಳತೆಗೋಲು ಬದಲಾಯಿಸಿತೇ? ತಾಯಿಯಾದ ಮೇಲೂ ಕನ್ಯೆಯಂತೆಯೇ ಕಾಣಬೇಕೆಂಬ ಹೊಸ ಭಾರವು ಹೆಣ್ಣಿನ ತಲೆಯ ಮೇಲೆ ಬಿದ್ದರೆ ಅದು ಬಿಡುಗಡೆಯೆನಿಸಲಾರದು.

ಶಿರಾಳಕೊಪ್ಪದ ನವವಧುವು ಬೇರೊಂದು ಅಳತೆಗೋಲನ್ನು ಹುಡುಕಲು ಬಹುದೂರ ಹೋಗಬೇಕಾದುದಿಲ್ಲ. ಹತ್ತಿರದಲ್ಲಿಯೇ ಬಳ್ಳಿಗಾವೆಯಿದೆ, ಅದೇ ಶಿಕಾರಿಪುರ ತಾಲ್ಲೂಕಿನಲ್ಲಿ ಉಡುತಡಿಯಿದೆ. ಬಳ್ಳಿಗಾವೆಯು ಹೊಯ್ಸಳರ ನಾಟ್ಯರಾಣಿ ಶಾಂತಲೆಯ ತವರೆಂದು ಐತಿಹ್ಯವುಂಟು. ಅಲ್ಲಮಪ್ರಭುವಿನ ಊರೂ ಅದೇ. ಉಡುತಡಿಯು ಮಹಾದೇವಿಯಕ್ಕನದು. ರೂಪವತಿಯಾದ ಆಕೆಯನ್ನು ಕಂಡು ಕೌಶಿಕರಾಜನು ಮೋಹಿಸಿದನೆಂದೂ, ಅರಮನೆಯನ್ನೂ ಉಡುಗೆಯನ್ನೂ ತೊರೆದು ಆಕೆಯು ಹೊರಟಳೆಂದೂ ಶರಣಕಥೆಗಳು ಹೇಳುತ್ತವೆ. ಕಲ್ಯಾಣದ ಅನುಭವಮಂಟಪವನ್ನು ಹೊಕ್ಕಾಗ ಆಕೆಗೂ ಪರೀಕ್ಷೆಯಾಯಿತು. ಪರೀಕ್ಷಕನು ತನ್ನ ಸೀಮೆಯವನೇ ಆದ ಅಲ್ಲಮ. ಅವನು ಕಠಿನವಾಗಿಯೇ ಪ್ರಶ್ನಿಸಿದನು. ಅವನು ಒರೆಗೆ ಹಚ್ಚಿದುದು ಆಕೆಯ ರೂಪವನ್ನಲ್ಲ, ಅರಿವನ್ನು ಮತ್ತು ನಿಷ್ಠೆಯನ್ನು. ಎಲ್ಲರೂ ಅಕ್ಕನಂತೆ ಮನೆಯನ್ನು ಬಿಡಬೇಕೆಂದು ಯಾರೂ ಹೇಳುವುದಿಲ್ಲ. ಹೆಣ್ಣಿಗೆ ಕೇಳತಕ್ಕ ಪ್ರಶ್ನೆಗಳಲ್ಲಿ ಘನವಾದುವು ಯಾವುವು ಎಂಬುದು ಈ ನೆಲದಲ್ಲಿ ಎಂಟು ಶತಮಾನಗಳಿಗೂ ಹಿಂದೆಯೇ ಗೊತ್ತಿದ್ದಿತು ಎಂದಷ್ಟೇ ನಮ್ಮ ಅಭಿಪ್ರಾಯ.

ಇನ್ನು ದೇಹವನ್ನು ಅಳೆಯಲೇಬೇಕೆಂದಿದ್ದರೆ, ಉಪಯುಕ್ತವಾದ ಅಳತೆಗಳೂ ಇವೆ. ಹೆಣ್ಣಿನ ರಕ್ತದಲ್ಲಿ ಹಿಮೋಗ್ಲೋಬಿನ್ ಎಂಬ ವಸ್ತುವು ನೂರು ಮಿಲಿಲೀಟರಿಗೆ ೧೨ ಗ್ರಾಮಿಗೆ, ಗರ್ಭಿಣಿಯಲ್ಲಿ ೧೧ ಗ್ರಾಮಿಗೆ ಕಡಿಮೆಯಾದರೆ ಅದು ರಕ್ತಹೀನತೆ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಗರ್ಭಿಣಿಯರಲ್ಲಿ ನೂರಕ್ಕೆ ಸುಮಾರು ೪೬ ಮಂದಿಗೆ ಈ ಕೊರತೆಯಿದ್ದಿತು. ೨೦೧೮-೨೦ರ ಲೆಕ್ಕದಲ್ಲಿ ನಮ್ಮ ರಾಜ್ಯದಲ್ಲಿ ಒಂದು ಲಕ್ಷ ಸಜೀವ ಜನನಗಳಿಗೆ ೬೯ ತಾಯಂದಿರು ಮೃತರಾದರು. ದೇಶದ ಸರಾಸರಿಗಿಂತ ಇದು ಕಡಿಮೆಯಾದರೂ ದಕ್ಷಿಣದ ರಾಜ್ಯಗಳಲ್ಲಿ ಅತ್ಯಧಿಕ. ಹೆರಿಗೆಯ ರಕ್ತಸ್ರಾವವನ್ನು ತಡೆದುಕೊಳ್ಳುವ ಶಕ್ತಿಯು ರಕ್ತಹೀನಳಿಗೆ ಕಡಿಮೆ. ಬಸುರಿನಲ್ಲಿ ಹತ್ತು ಹನ್ನೆರಡು ಕಿಲೋ ತೂಕವು ಹೆಚ್ಚುವುದು ಕುರೂಪವಲ್ಲ, ತಾಯಿಮಕ್ಕಳಿಬ್ಬರಿಗೂ ಬೇಕಾದುದು. ನವವಧುಗಳು ತಿಳಿದಿರಬೇಕಾದ ಇನ್ನೊಂದು ಮಾತುಂಟು. ಶಿಶುವಿನ ಮಿದುಳುಬಳ್ಳಿಯ ನಾಳವು ಗರ್ಭ ನಿಂತ ನಾಲ್ಕು ವಾರಗಳೊಳಗೇ ಮುಚ್ಚಿಕೊಳ್ಳುತ್ತದೆ. ಎಷ್ಟೋ ಮಂದಿಗೆ ತಾವು ಬಸುರಿಯೆಂಬುದು ತಿಳಿಯುವ ಮುನ್ನವೇ ಈ ಕಾರ್ಯವು ಮುಗಿದಿರುತ್ತದೆ. ಅದರಲ್ಲಿ ದೋಷವುಂಟಾಗದಂತೆ ತಡೆಯಲು ಫೋಲಿಕ್ ಆಮ್ಲದ ಮಾತ್ರೆಯನ್ನು ಗರ್ಭಕ್ಕೆ ಮೊದಲೇ ವೈದ್ಯರ ಸಲಹೆಯಂತೆ ಆರಂಭಿಸುವುದು ಹಿತ.

ಸರಕಾರವು ೨೦೧೭ರ ಅಕ್ಟೋಬರ್ ೨ರಿಂದ ಮಾತೃಪೂರ್ಣ ಯೋಜನೆಯ ಮೂಲಕ ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲಿ ಬಿಸಿಯೂಟವನ್ನು ಏರ್ಪಡಿಸಿತು. ಅದೇ ವರ್ಷ ಕೇಂದ್ರದ ಕಾಯಿದೆಯು ಉದ್ಯೋಗಸ್ಥೆಯರ ಹೆರಿಗೆಯ ರಜೆಯನ್ನು ೨೬ ವಾರಗಳಿಗೆ ಏರಿಸಿತು. ಅಧಿಕಾರಿಗಳಾಗಿರುವ ವಾಚಕರು ತಮ್ಮ ಕಚೇರಿಗಳಲ್ಲಿ ಈ ರಜೆಯನ್ನು ಔದಾರ್ಯವೆಂದಲ್ಲ, ಹಕ್ಕೆಂದು ಭಾವಿಸಬೇಕು. ಗೃಹಸ್ಥರಾದ ವಾಚಕರಿಗೆ ಇನ್ನೊಂದು ಸತ್ಯವನ್ನು ಹೇಳಬೇಕಾಗಿದೆ. ಮಕ್ಕಳಾಗದ ಪ್ರಸಂಗಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಪುರುಷನ ಕಡೆಯ ಕಾರಣವೂ ಇರುತ್ತದೆ. ಹೀಗಿದ್ದೂ ‘ವಿಶೇಷವೇ?’ ಎಂಬ ಪ್ರಶ್ನೆಯನ್ನು ಗಂಡನಿಗೆ ಕೇಳಿದವರನ್ನು ನಾವು ಕಂಡಿಲ್ಲ.

ಆ ತರುಣಿಯ ಬೀರುವಿನಲ್ಲಿರುವ ಭಾವಚಿತ್ರವನ್ನು ಹರಿದುಹಾಕಬೇಕೆಂದು ನಾವು ಹೇಳೆವು. ನಾಲ್ಕು ಜನರೆದುರು ಧೈರ್ಯದಿಂದ ನಡೆದುದೂ ಮಾತನಾಡಿದುದೂ ಆಕೆಯ ಬಾಳಿನಲ್ಲಿ ಒಂದು ಸಂತೋಷವೇ. ಆ ಧೈರ್ಯವು ಆಕೆಗೆ ಮುಂದೆಯೂ ಬೇಕು: ತಾಯಿಯಾಗುವುದು ಯಾವಾಗ ಎಂಬುದನ್ನು ತಾನೂ ಗಂಡನೂ ಕೂಡಿ ನಿಶ್ಚಯಿಸುವೆವೆಂದು ಹಿರಿಯರೆದುರು ವಿನಯದಿಂದ ಹೇಳಲು, ಹಸಿವಾದಾಗ ಮೊದಲು ಉಣ್ಣಲು, ಹೆತ್ತ ಮೇಲೆ ಕನ್ನಡಿಯೆದುರು ಅಂಜದೆ ನಿಲ್ಲಲು. ಮುಂದೊಂದು ದಿನ ಆಕೆಗೆ ಮಗಳು ಹುಟ್ಟಿ, ಬೆಳೆದು, ಆ ಚಿತ್ರವನ್ನು ಹೊರತೆಗೆದು ‘ಅಮ್ಮಾ, ಇದು ನೀನೇ?’ ಎಂದು ಕೇಳಬಹುದು. ಆ ಹೊತ್ತಿಗೆ ನಮ್ಮ ನಡುಮನೆಯ ಜಮಖಾನೆಯ ಮೇಲಿನ ಪರೀಕ್ಷೆಯು ನಿಂತಿರಬೇಕು. ಅದನ್ನು ನಿಲ್ಲಿಸಲು ಯಾವ ಕಾಯಿದೆಯೂ ಬೇಕಾದುದಿಲ್ಲ. ಅದರ ಮೇಲೆ ಕುಳಿತುಕೊಳ್ಳುವ ನಾವು ಏಳಬೇಕು, ಅಷ್ಟೆ.