ಬೆಸುಗೆಯ ಕೊಳವೆಗೆ ಅಂಜಬೇಕೆ?

ಖರೀದಿ ವಿಭಾಗದ ಗುಮಾಸ್ತರ ಮುಂದೆ ಎರಡು ದರಪತ್ರಗಳಿವೆ ಎನ್ನೋಣ. ಶಾಖವಿನಿಮಯ ಯಂತ್ರದ ಸ್ಟೇನ್‌ಲೆಸ್ ಉಕ್ಕಿನ ಕೊಳವೆಗಳಿಗೆ ಒಂದರಲ್ಲಿ 'ಸೀಮ್‌ಲೆಸ್' ಎಂದಿದೆ. ಇನ್ನೊಂದರಲ್ಲಿ 'ವೆಲ್ಡೆಡ್' ಎಂದಿದೆ, ಬೆಲೆಯೂ ಕಡಮೆ. ಕೊಳವೆಯ ಒಳಗೊಂದು ದ್ರವ, ಹೊರಗೊಂದು ದ್ರವ. ಒಂದೇ ಒಂದು ಸೋರಿದರೂ ಹಾಲಿಗೋ ಔಷಧಿಗೋ ತಂಪುನೀರು ಬೆರೆತೀತು. ಬೆಸುಗೆ ಬಿಟ್ಟೀತೆಂದು ಅಂಜಿ ದುಬಾರಿಯದನ್ನೇ ತರಿಸುವವರು ಅನೇಕರು.

ಕಾದ ಉಕ್ಕಿನ ದಿಂಡನ್ನು ಚುಚ್ಚಿ ಟೊಳ್ಳಾಗಿಸಿ, ಎಳೆದು ತೆಳುಗೊಳಿಸಿದ್ದು ಸೀಮ್‌ಲೆಸ್. ಚುಚ್ಚುವಾಗ ಕೊಂಚ ಓರೆಯಾದರೆ ಗೋಡೆ ಒಂದೆಡೆ ದಪ್ಪ, ಒಂದೆಡೆ ತೆಳು. ಬೆಸುಗೆಯದಾದರೋ ಸಮದಪ್ಪದ ಪಟ್ಟಿಯನ್ನು ಸುತ್ತಿ ಅಂಚು ಕೂಡಿಸಿದ್ದು. ಅದರ ಗೋಡೆ ಹೆಚ್ಚು ಸಮವಾಗಿರುತ್ತದೆ. ಆದರೆ ಬೆಸೆದ ಗೆರೆಯನ್ನು ಒತ್ತಿ ಮಟ್ಟಮಾಡಿ, 1040 ಡಿಗ್ರಿ ಸೆಂಟಿಗ್ರೇಡಿಗೂ ಮೇಲೆ ಕಾಯಿಸಿ ಬೇಗನೆ ತಣಿಸಿರಬೇಕು. ಬಿರುಕಿಗಾಗಿ ವಿದ್ಯುತ್ ಪರೀಕ್ಷೆಯೂ ಆಗಿರಬೇಕು. ಇದಕ್ಕೆ ಪ್ರಮಾಣಪತ್ರವಿಲ್ಲದ ಅಗ್ಗದ ಸರಕು ಬೇಡವೇ ಬೇಡ.

ಅಮೆರಿಕೆಯ ಯಂತ್ರಶಿಲ್ಪಿಗಳ ಸಂಘದ ನಿಯಮಾವಳಿಯು ಬೆಸುಗೆಯ ಕೊಳವೆಯ ಲೋಹದ ಮೇಲೆ ಹೊರಿಸಬಹುದಾದ ಭಾರವನ್ನು ಸಾಮಾನ್ಯವಾಗಿ ಶೇಕಡ 85ಕ್ಕೆ ಇಳಿಸುತ್ತದೆ. ಆದುದರಿಂದ ಒಳಒತ್ತಡ ಬಹಳವಿದ್ದಲ್ಲಿ ಸೀಮ್‌ಲೆಸ್ಸಿಗೇ ಮೇಲುಗೈ. ಸಾಧಾರಣ ಒತ್ತಡದ ಕೆಲಸಕ್ಕೆ ಪರೀಕ್ಷಿತ ಬೆಸುಗೆಯ ಕೊಳವೆ ಧಾರಾಳವಾಗಿ ಸಾಕು.

ಬಹುಮಂದಿ ಮರೆಯುವುದು ನೀರನ್ನು. ಉಪ್ಪಿನಂಶದ ಬಿಸಿನೀರು 304ರ ಉಕ್ಕನ್ನು, ಬೆಸುಗೆಯಿರಲಿ ಬಿಡಲಿ, ತೂತುಮಾಡುತ್ತದೆ, ಸೀಳುತ್ತದೆ. ಶೇಕಡ 2ರಿಂದ 3ರಷ್ಟು ಮಾಲಿಬ್ಡಿನಮ್ ಬೆರೆತ 316 ತುಸು ಹೆಚ್ಚು ತಾಳೀತು. ಕಡಲನೀರಿಗೆ ಅದೂ ಸಾಲದು. ದರ್ಜೆ ತಪ್ಪಿದ ಮೇಲೆ ಸೀಮ್‌ಲೆಸ್ಸಿಗೆ ತೆತ್ತ ಹಣ ನೀರಿನಲ್ಲಿ ಹೋಮ ಮಾಡಿದಂತೆ. ದರ ಕೇಳುವ ಪತ್ರದೊಡನೆ ನೀರಿನ ಪರೀಕ್ಷಾವರದಿಯನ್ನೂ ಲಗತ್ತಿಸಬೇಕು.