ಗೆದ್ದವರಿಲ್ಲದ ದೋಣಿ ಪಂದ್ಯ

ಚಿತ್ರದ ಹೆಸರೇನೋ ‘ಆರ್ಜೆಂತೇಯ್‌ನ ಹಾಯಿದೋಣಿ ಪಂದ್ಯ’. ಪ್ಯಾರಿಸ್ಸಿನ ಓರ್ಸೆ ಮ್ಯೂಸಿಯಂನಲ್ಲಿ ಅದರೆದುರು ನಿಂತವರು ಮಾತ್ರ ಪಂದ್ಯವೆಲ್ಲಿ ಎಂದು ಹುಡುಕಬೇಕು. ಯಾವ ದೋಣಿ ಮುಂದಿದೆ, ಯಾವುದು ಹಿಂದೆ? ತಿಳಿಯುವುದಿಲ್ಲ. ಕೇಕೆ ಹಾಕುವ ಜನಜಂಗುಳಿಯೂ ಇಲ್ಲ. 48 ಸೆಂ.ಮೀ. ಎತ್ತರ, 75 ಸೆಂ.ಮೀ. ಅಗಲದ ಕ್ಯಾನ್ವಾಸಿನಲ್ಲಿ ಕೆನೆಬಣ್ಣದ ಹಾಯಿಗಳು, ಬಲಗಡೆ ದಡದಲ್ಲಿ ಹಸಿರಿನ ನಡುವೆ ಕೆಂಪು ಮಾಡಿನ ಮನೆ.

ಕಣ್ಣು ನೀರಿಗಿಳಿದಾಗಲೇ ಆಟ ಶುರು.

ಹತ್ತಿರ ಹೋದರೆ ನೀರೇ ಮಾಯ! ಅಲ್ಲಿರುವುದು ಅಗಲ ಕುಂಚದಲ್ಲಿ ಅಡ್ಡಡ್ಡ ಎಳೆದ ಬಣ್ಣದ ಪಟ್ಟೆಗಳು: ಹಾಯಿಯ ಬಿಳಿ, ಮಾಡಿನ ಕೆಂಪು, ನಡುವೆ ನೀಲಿ. ಒಂದರೊಳಗೊಂದು ಬೆರೆಸುವ, ಅಂಚು ತೀಡುವ ಗೋಜಿಗೆ ಚಿತ್ರಕಾರ ಹೋಗಿಲ್ಲ. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಅವೇ ಪಟ್ಟೆಗಳು ತುಳುಕತೊಡಗುತ್ತವೆ. ದಡದ ಮನೆ ನೆಟ್ಟಗಿದೆ; ನೀರಿನ ಮನೆ ಚೂರುಚೂರು. ಪಂದ್ಯ ನಡೆದಿರುವುದು ದೋಣಿಗಳ ನಡುವೆ ಅಲ್ಲ, ಅಲೆಗೂ ಕುಂಚಕ್ಕೂ.

ಇದನ್ನು ಬರೆದ ಕ್ಲೋದ್ ಮೊನೆ ಸೇನ್ ನದಿಯ ದಡದ ಆರ್ಜೆಂತೇಯ್‌ಗೆ ಬಂದು ನೆಲೆಸಿದ್ದು 1871ರ ಕೊನೆಗೆ. ಚಿತ್ರ ಸುಮಾರು 1872ರದ್ದು. ಪ್ಯಾರಿಸ್ಸಿನಿಂದ ರೈಲು ಹತ್ತಿದರೆ ಸ್ವಲ್ಪ ಹೊತ್ತಿನ ದಾರಿ. ನದಿ ಅಲ್ಲಿ ಅಗಲ, ಹಾಯಿ ಬಿಚ್ಚಲು ಹೇಳಿ ಮಾಡಿಸಿದ ಜಾಗ. ಇಂಥ ಚಿತ್ರಗಳಿಗೆ ಅಂಟಿದ ‘ಇಂಪ್ರೆಷನಿಸಂ’ ಎಂಬ ಹಣೆಪಟ್ಟಿ ಹುಟ್ಟಿದ್ದು 1874ರಲ್ಲಿ, ಅದೂ ವಿಮರ್ಶಕನೊಬ್ಬನ ಗೇಲಿಯಿಂದ. ಆ ಒಂದು ಪದ ಹೇಳಿ ಚಿತ್ರವನ್ನು ದಾಟಿಹೋಗುವವರಿಗೆ ಈ ನೀರು ದಕ್ಕುವುದು ಅನುಮಾನ.

ಇದರ ಒಡೆಯನಾಗಿದ್ದವನ ಕಥೆ ಇನ್ನೂ ಸ್ವಾರಸ್ಯ. ಗುಸ್ತಾವ್ ಕಾಯ್ಬೊತ್ ಸ್ವತಃ ಚಿತ್ರಕಾರ. ಅದಕ್ಕಿಂತ ಹೆಚ್ಚಾಗಿ ಹಾಯಿದೋಣಿಯ ಹುಚ್ಚ. ಪ್ಯಾರಿಸ್ಸಿನ ಹಾಯಿದೋಣಿ ಕ್ಲಬ್ಬಿನ ಉಪಾಧ್ಯಕ್ಷ. ಆರ್ಜೆಂತೇಯ್‌ನ ಎದುರು ದಡದಲ್ಲೇ ಮನೆ ಕೊಂಡ, ಪಂದ್ಯದ ದೋಣಿಗಳನ್ನು ತಾನೇ ವಿನ್ಯಾಸ ಮಾಡಿದ. ಅವುಗಳಲ್ಲೊಂದಕ್ಕೆ ಇಟ್ಟ ಹೆಸರು ‘ರೋಸ್ಟ್‌ಬೀಫ್’! ಕೊಂಡಿ, ಹುರಿ, ಚುಕ್ಕಾಣಿಗಳ ಲೆಕ್ಕ ಬಲ್ಲ ಇಂಥವನು, ಒಂದು ಹಗ್ಗವನ್ನೂ ಸರಿಯಾಗಿ ತೋರಿಸದ ಈ ಚಿತ್ರವನ್ನು ತನ್ನ ಸಂಗ್ರಹದಲ್ಲಿ ಇಟ್ಟುಕೊಂಡ. ಹಾಯಿ ಬಿಚ್ಚಿ ಕೂತವನ ಕಣ್ಣಿಗೆ ನದಿ ಹೀಗೆಯೇ ಕಾಣುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

1894ರಲ್ಲಿ, 45ರ ಹರೆಯದಲ್ಲಿ ತೀರಿಕೊಂಡ ಕಾಯ್ಬೊತ್ ತನ್ನ ಸಂಗ್ರಹವನ್ನೆಲ್ಲ ಫ್ರೆಂಚ್ ಸರ್ಕಾರಕ್ಕೆ ಬರೆದಿಟ್ಟಿದ್ದ. ಅಧಿಕಾರಿಗಳು ಮೀನಮೇಷ ಎಣಿಸಿ ಒಂದಷ್ಟನ್ನು ತೆಗೆದುಕೊಂಡರು, ಉಳಿದವನ್ನು ಬೇಡವೆಂದರು. ಒಳಗೆ ಬಂದವುಗಳಲ್ಲಿ ಇದೂ ಒಂದು.