ಸರ್ವರ್‌ಗೂ ಬೇಕು ಸತ್ವಪರೀಕ್ಷೆ

2023ರ ಜೂನ್ 18ರಂದು ಸೇವಾಸಿಂಧು ಪೋರ್ಟಲ್‌ನಲ್ಲಿ ಗೃಹಜ್ಯೋತಿ ನೋಂದಣಿ ಆರಂಭವಾದಾಗ, ಅರ್ಜಿದಾರರ ಒತ್ತಡಕ್ಕೆ ಸರ್ವರ್ ಬಸವಳಿಯಿತು. ಸಿಂಧನೂರು, ಲಿಂಗಸುಗೂರು, ಮಸ್ಕಿಯಂಥ ತಾಲ್ಲೂಕುಗಳಲ್ಲಿ ‘ಸರ್ವರ್ ಡೌನ್’ ಎಂದರೆ ಸರದಿಯಲ್ಲಿ ನಿಂತ ಕೂಲಿಕಾರನ ಒಂದು ದಿನದ ದುಡಿಮೆಯ ನಷ್ಟ. ಅದು ಯಾವ ಇಲಾಖೆಯ ಲೆಕ್ಕಪತ್ರದಲ್ಲೂ ದಾಖಲಾಗುವುದಿಲ್ಲ.

ಏಕಕಾಲಕ್ಕೆ ಸಾವಿರಾರು ಕೃತಕ ಬಳಕೆದಾರರನ್ನು ಸೃಷ್ಟಿಸಿ ಜಾಲತಾಣದ ಧಾರಣಶಕ್ತಿಯನ್ನು ಅಳೆಯುವ ಸಾಧನಗಳಿವೆ. ಅಪಾಚೆ ಜೆಮೀಟರ್, ಲೋಕಸ್ಟ್ ಮುಕ್ತ ತಂತ್ರಾಂಶಗಳು, ಪರವಾನಗಿ ಶುಲ್ಕವಿಲ್ಲ. ಯಂತ್ರ ಮತ್ತು ಪರಿಣತರ ವೆಚ್ಚವುಂಟು, ನಿಜ. ಆದರೆ ಜನರ ವ್ಯರ್ಥ ದಿನಗಳ ಮುಂದೆ ಅದು ಅಲ್ಪವೆಂದೇ ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನ್ನ ಭಾವನೆ.

ಆಯ್ಕೆಗೆ ಮೂರು ಮಾನದಂಡ ಸಾಕು. ಸಾಧನವು ಮುಖಪುಟವನ್ನಷ್ಟೇ ಅಲ್ಲ, ಲಾಗಿನ್‌ನಿಂದ ಸ್ವೀಕೃತಿಯವರೆಗಿನ ಇಡೀ ಪ್ರಕ್ರಿಯೆಯನ್ನು ಅನುಕರಿಸಬೇಕು. ಗುತ್ತಿಗೆದಾರ ಹೋದ ಮೇಲೂ ಇಲಾಖೆಯ ಸಿಬ್ಬಂದಿಯೇ ಅದನ್ನು ನಡೆಸುವಂತಿರಬೇಕು. ಸರಾಸರಿಯನ್ನಲ್ಲದೆ, ಅತಿ ನಿಧಾನವಾಗಿ ಉತ್ತರ ಪಡೆದವರ ಪಾಡನ್ನೂ ತೋರಿಸಬೇಕು. ಕಾಲುವೆಯ ಸರಾಸರಿ ಹರಿವು ಚೆನ್ನಾಗಿದ್ದರೂ ಕೊನೆಯಂಚಿನ ಹೊಲ ಒಣಗಬಹುದೆಂಬುದನ್ನು ತುಂಗಭದ್ರಾ ಎಡದಂಡೆಯ ರೈತನಿಗೆ ಯಾರೂ ಹೇಳಿಕೊಡಬೇಕಿಲ್ಲ.

ಸೇತುವೆಯನ್ನು ಭಾರ ಹೊರಿಸಿ ಪರೀಕ್ಷಿಸುವ ಪದ್ಧತಿಯುಂಟು. ಪೋರ್ಟಲ್‌ಗೂ ಅದೇ ನಿಯಮ ಅನ್ವಯಿಸಲಿ. ಉದ್ಘಾಟನೆಗೆ ಮುನ್ನ ಫಲಿತಾಂಶ ಪ್ರಕಟವಾಗಲಿ.